ಥರ್ಮಾಮೀಟರಿಗೆ ಸಿಗದ ಝಳ

2021ರ ಮೇ ತಿಂಗಳು. ಕೊರೋನಾದ ಎರಡನೇ ಅಲೆ. ಬೆಂಗಳೂರಿನ ರೂಮು ಖಾಲಿ ಮಾಡಿ ಘೋಡಗೇರಿಗೆ ಬಂದು, ಪಡಸಾಲೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡ್ತಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಆಫೀಸಿನ ಕಾಲ್ ಮುಗಿಸಿ ನೀರು ಕುಡಿಯೋಕೆ ಎದ್ದರೆ ಮುಂಬಾಗಿಲು ತೆರೆದಿತ್ತು. ಅವ್ವ ಹೊರಗೆ ಕಟ್ಟೆ ಮೇಲೆ ಒಬ್ಬಳೇ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ತಿದ್ದಳು. ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು. ಕುತ್ತಿಗೆಯಿಂದ ಬೆವರು ಇಳೀತಿತ್ತು.

ಆ ದಿನಗಳಲ್ಲಿ ಮೈ ಬಿಸಿ ಅಂದರೆ ಎದೆ ಧಸಕ್ಕನ್ನುತ್ತಿತ್ತು. ಓಡಿ ಹೋಗಿ ಥರ್ಮಾಮೀಟರ್ ತಂದು ಬಾಯಿಗಿಟ್ಟೆ. 98.4.

"ಏನೂ ಇಲ್ಲವ್ವಾ, ಜ್ವರ ಇಲ್ಲ. ಮಲಕೋ ಹೋಗು" ಅಂದೆ.

ಅವ್ವ ನನ್ನ ಕಡೆ ನೋಡಿ, "ಏನೂ ಇಲ್ಲಂದ್ರ ಇದೇನ ತಮ್ಮಾ? ಒಳಗಿಂದ ಝಳಾ ಹೊಡದಂಗ ಆಗತೈತಿ. ಒಂದೈದ ಮಿನಿಟ್ ಇರತೈತಿ, ಹೊಕ್ಕೈತಿ. ಆಮ್ಯಾಲ ಥಂಡಿ ಹತ್ತತೈತಿ" ಅಂದಳು.

ನಾನು ಮತ್ತೊಮ್ಮೆ ಥರ್ಮಾಮೀಟರ್ ನೋಡಿದೆ. ಅವಳ ಮುಖ ನೋಡಲಿಲ್ಲ. ಈಗ ನೆನೆದರೆ ನಾಚಿಕೆ ಆಗೋದು ಅದಕ್ಕೇ.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಗ್ರಾಹಕ ಒಬ್ಬ, ನಿಮ್ಮ ಸಾಫ್ಟ್‌ವೇರ್ ಕೈಕೊಡ್ತಿದೆ ಅಂತ ದೂರು ಹಾಕ್ತಾನೆ. ನಾವು ನಮ್ಮ ಮಷಿನ್‌ನಲ್ಲಿ ಅದನ್ನೇ ಮಾಡಿ ನೋಡ್ತೀವಿ. ತೊಂದರೆ ಬರೋದಿಲ್ಲ. ಆಗ, 'ನಮ್ಮಲ್ಲಿ ಮರುಕಳಿಸಲಿಲ್ಲ' ಅಂತ ಬರೆದು ಟಿಕೆಟ್ ಮುಚ್ಚಿಬಿಡ್ತೀವಿ. ಗ್ರಾಹಕನ ತೊಂದರೆ ಹೋಗಿರೋದಿಲ್ಲ, ನಮ್ಮ ಪಟ್ಟಿಯಿಂದ ಮಾತ್ರ ಹೋಗಿರ್ತದೆ. ಅವ್ವನ ವಿಷಯದಲ್ಲಿ ನಾನು ಮಾಡಿದ್ದೂ ಇದೇ. ಅವಳ ಝಳ ನನ್ನ ಮೈಯಲ್ಲಿ ಮರುಕಳಿಸೋದು ಈ ಜನ್ಮದಲ್ಲಿ ಸಾಧ್ಯವಿಲ್ಲ. ಹಂಗಂತ ಟಿಕೆಟ್ ಮುಚ್ಚಬಹುದೇ? ನಮ್ಮ ಮೈಗೆ ಎಂದೂ ಬಾರದ ಸಂಕಟವನ್ನು ಎಷ್ಟರಮಟ್ಟಿಗೆ ನಂಬಬೇಕು? ನಂಬಿದ ಮೇಲೆ ಏನು ಮಾಡಬೇಕು? ನನ್ನನ್ನು ಕಾಡ್ತಿರೋ ಪ್ರಶ್ನೆ ಇದು.

ಮೊದಲು, ಆ ರಾತ್ರಿ ಆಗಿದ್ದೇನು ಅಂತ ಹೇಳ್ತೀನಿ. ನಾನು ಇದನ್ನು ಓದಿ ತಿಳಿದುಕೊಂಡಿದ್ದು ಬಹಳ ತಡವಾಗಿ. ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಕಡಿಮೆಯಾಗ್ತದೆ. ಮೆದುಳಿನಲ್ಲಿ ಹೈಪೋಥಲಾಮಸ್ ಅನ್ನೋ ಭಾಗ ಮೈಯ ಬಿಸಿಯನ್ನು ಕಾಯ್ತಿರ್ತದೆ. ಇಷ್ಟರಿಂದ ಇಷ್ಟರ ತನಕ ಬಿಸಿ ಇದ್ದರೆ ಅದು ಸುಮ್ಮನಿರ್ತದೆ. ಈಸ್ಟ್ರೋಜೆನ್ ಇಳಿದಾಗ ಆ 'ಇಷ್ಟರಿಂದ ಇಷ್ಟು' ಅನ್ನೋ ಅಂತರ ಕಿರಿದಾಗ್ತದೆ. ಒಂದು ಕಪ್ ಚಹಾ, ಒಲೆಯ ಮುಂದೆ ಹತ್ತು ನಿಮಿಷ, ದಪ್ಪ ಹೊದಿಕೆ, ಇಷ್ಟು ಸಾಕು. ಮೈ ಕಾದುಹೋಯಿತು ಅಂತ ಮೆದುಳು ಗಂಟೆ ಬಾರಿಸ್ತದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮುಖ ಕೆಂಪಾಗ್ತದೆ, ಎದೆ ಬಡಿತ ಏರ್ತದೆ, ಬೆವರು ಕಿತ್ತುಕೊಂಡು ಬರ್ತದೆ. ಆಮೇಲೆ ಮೈ ತಣ್ಣಗಾಗಿ ನಡುಕ. ಅವ್ವ ಹೇಳಿದ ಥಂಡಿ ಇದೇ. ಇದು ಜ್ವರ ಅಲ್ಲ, ಅದಕ್ಕೇ ಥರ್ಮಾಮೀಟರಿನಲ್ಲಿ ಕಾಣಲಿಲ್ಲ. ಗಂಟೆ ಸುಳ್ಳಿರಬಹುದು, ಸುರಿದ ನೀರು ಸುಳ್ಳಲ್ಲ.

ಇದನ್ನು ಅಳೆಯೋಕೆ ಸಾಧನವೂ ಇದೆ. ಎದೆಯ ಚರ್ಮಕ್ಕೆ ತಂತಿ ಹಚ್ಚಿ, ಬೆವರಿದಾಗ ವಿದ್ಯುತ್ ಎಷ್ಟು ಸಲೀಸಾಗಿ ಹರಿಯಿತು ಅಂತ ಸಂಶೋಧಕರು ನೋಡ್ತಾರೆ. ಅಂದರೆ ಪುರಾವೆ ಇರಲಿಲ್ಲ ಅಂತಲ್ಲ, ನನ್ನ ಕೈಯಲ್ಲಿದ್ದ ಸಾಧನ ತಪ್ಪಾಗಿತ್ತು. ಲಾಗ್‌ನಲ್ಲಿ ಏನೂ ಕಾಣ್ತಿಲ್ಲ ಅಂದಾಗ, ತೊಂದರೆಯೇ ಇಲ್ಲ ಅಂತ ಹೇಳುವ ಮೊದಲು, ನಾವು ಲಾಗ್ ಬರೆಯುತ್ತಿರೋದು ಸರಿಯಾದ ಜಾಗದಲ್ಲೇನು ಅಂತ ಕೇಳಬೇಕು. ಇದನ್ನು ನಾನು ಹೊಸ ಹುಡುಗರಿಗೆ ವರ್ಷಾನುಗಟ್ಟಲೆ ಹೇಳಿಕೊಟ್ಟಿದ್ದೀನಿ. ನನ್ನ ಮನೆ ಕಟ್ಟೆ ಮೇಲೆ ನನಗೇ ನೆನಪಾಗಲಿಲ್ಲ.

ಇದು ಎರಡು ದಿನದ ಬಾಧೆಯೂ ಅಲ್ಲ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸ್ವಾನ್ ಅನ್ನೋ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಈ ಝಳ ಮೇಲಿಂದ ಮೇಲೆ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು 7.4 ವರ್ಷಕ್ಕಿಂತ ಹೆಚ್ಚು ಕಾಲ ಇತ್ತಂತೆ. ಏಳು ವರ್ಷ ಅಂದರೆ ಒಂದು ಮಗು ಹುಟ್ಟಿ ಎರಡನೇ ಇಯತ್ತೆಗೆ ಹೋಗುವಷ್ಟು ಕಾಲ. ಅಷ್ಟು ದಿನ ರಾತ್ರಿ ನಿದ್ದೆ ಮುರಿದು, ಬೆಳಗ್ಗೆ ಐದಕ್ಕೆ ಎದ್ದು ಎಮ್ಮೆ ಹಿಂಡಿ, ಒಲೆ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿಯೋದು. ಮ್ಯಾಲೆ ತಗಡಿನ ಚಾವಣಿ. "ಅಕಿ ಇತ್ತಿತ್ಲಾಗ ಭಾಳ ಸಿಟ್ಟಿನಾಕಿ ಆಗ್ಯಾಳ" ಅಂತ ಅಪ್ಪ ಫೋನಿನಲ್ಲಿ ಹೇಳಿದಾಗ ನಾನೂ ನಕ್ಕಿದ್ದೆ. ಅದು ಸಿಟ್ಟಲ್ಲ, ನಿದ್ದೆ ಇಲ್ಲದ ದೇಹ.

ಹಂಗಾದರೆ, ಹೆಂಗಸರು ಹೇಳಿದ್ದನ್ನು ನಂಬಿಬಿಟ್ಟರೆ ಸಾಕು ಅಂತ ಲೇಖನ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಮ್ಮ ಚಿಗವ್ವನ ಕತೆ ಹಂಗೆ ಮುಗಿಸೋಕೆ ಬಿಡೋದಿಲ್ಲ.

ಚಿಗವ್ವನನ್ನು ಕೊಟ್ಟಿದ್ದು ವಿಜಯಪುರ ಜಿಲ್ಲೆಯ ಕಡೆಗೆ. ಅವಳ ಮನೆಯವರು ಕಬ್ಬು ಕಡಿಯೋ ಗ್ಯಾಂಗಿನವರು. ದೀಪಾವಳಿ ಹೊತ್ತಿಗೆ ಮುಕಾದಮನ ಹತ್ತಿರ ಅಡ್ವಾನ್ಸ್ ತಗೊಂಡು ಹೊರಟರೆ, ಫ್ಯಾಕ್ಟರಿ ಹಂಗಾಮು ಮುಗಿಯೋ ತನಕ ಹೊಲದ ದಂಡೆಯ ಗುಡಿಸಲಲ್ಲೇ ವಾಸ. ಮುಟ್ಟಿನ ದಿನ ಅಂತ ಕೂತರೆ ಕೂಲಿ ಹೋಗ್ತದೆ. ಅವಳಿಗೆ ಹೆಚ್ಚು ರಕ್ತ ಹೋಗ್ತಿತ್ತು, ಕಿಬ್ಬೊಟ್ಟೆ ನೋವಿತ್ತು. ಊರ ಹೆಸರು ಬೇಡ, ಒಂದು ಕಡೆ ತೋರಿಸಿದಾಗ ಡಾಕ್ಟರು ಅವಳ ನೋವನ್ನು ತಕ್ಷಣ ನಂಬಿದರು. "ಎರಡು ಮಕ್ಕಳಾಗ್ಯಾವಲ್ಲ, ಚೀಲ ತೆಗೆಸಿಬಿಡ್ರಿ, ಚಿಂತಿ ಬಗೀಹರೀತದ" ಅಂದರು. ಆಗ ಅವಳಿಗೆ ಮೂವತ್ನಾಲ್ಕು. ಗರ್ಭಕೋಶದ ಜೊತೆ ಅಂಡಾಶಯವೂ ಹೋಯಿತು. ಕೆಲವೇ ದಿನಗಳಲ್ಲಿ ಝಳ ಶುರುವಾಯ್ತು. ಅಂಡಾಶಯ ತೆಗೆದರೆ ಈಸ್ಟ್ರೋಜೆನ್ ನಿಧಾನವಾಗಿ ಇಳಿಯೋದಿಲ್ಲ, ಒಮ್ಮೆಲೇ ಕುಸೀತದೆ, ಎಲುಬೂ ಬೇಗ ಸವೀತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ದೇವರ ಕಾಟ ಇರಬೇಕು ಅಂತ ಹರಕೆ ಹೊತ್ತಳು.

ಅವಳೊಬ್ಬಳದ್ದಲ್ಲ ಈ ಕತೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರವೇ ವಿಚಾರಣೆ ಮಾಡಿಸಿದಾಗ, ಕಬ್ಬು ಕಡಿಯೋ 82 ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದು ಗೊತ್ತಾಯ್ತು. ಅದೇ ಬೀಡಿನ ಗ್ಯಾಂಗುಗಳು ನಮ್ಮ ಬೆಳಗಾವಿ ಜಿಲ್ಲೆಯ ಕಬ್ಬಿಗೂ ಬರ್ತವೆ. ನಮ್ಮ ರಾಜ್ಯದ ಕಲಬುರಗಿ, ರಾಣೆಬೆನ್ನೂರು ಕಡೆಯ ತಾಂಡಾಗಳ ಹೆಂಗಸರು ಇದೇ ಅನ್ಯಾಯಕ್ಕೆ ಪರಿಹಾರ ಕೇಳಿ ಬೀದಿಗಿಳಿದಿದ್ದಾರೆ. ಬೇಕಿಲ್ಲದ ಇಂಥ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿತು.

ಅವ್ವನ ಮತ್ತು ಚಿಗವ್ವನ ಕತೆಯನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ಟಿಕೆಟ್ ಮುಚ್ಚೋದಕ್ಕೆ ಎರಡು ದಾರಿ ಇವೆ. ಒಂದು, 'ಏನೂ ಇಲ್ಲ' ಅನ್ನೋದು. ಇನ್ನೊಂದು, 'ತೆಗೆದುಬಿಡೋಣ' ಅನ್ನೋದು. ಒಂದರಲ್ಲಿ ನಂಬಿಕೆಯೇ ಇಲ್ಲ, ಇನ್ನೊಂದರಲ್ಲಿ ನಂಬಿಕೆ ಬಹಳ ಸಲೀಸು. ಆದರೆ ಎರಡರ ಕೆಲಸ ಒಂದೇ: ಆಕೆಯ ಮಾತು ಅಲ್ಲಿಗೆ ನಿಲ್ಲಬೇಕು, ಮುಂದಿನವರನ್ನು ಕರೀಬೇಕು. ನಾನು ಮಗನಾಗಿ ಮೊದಲನೇದನ್ನು ಮಾಡಿದೆ, ಆ ಡಾಕ್ಟರು ಎರಡನೇದನ್ನು. ನಾನು ಅವರಿಗಿಂತ ಒಳ್ಳೆಯವನು ಅಂತ ಹೇಳೋಕೆ ನನಗೆ ಬಾಯಿಲ್ಲ. ನನ್ನ ಕೈಯಲ್ಲಿ ಕತ್ತರಿ ಇರಲಿಲ್ಲ, ಅಷ್ಟೇ.

ಇದಕ್ಕೆ ನಮ್ಮ ಆಯಿ ಒಂದು ಆಕ್ಷೇಪ ಎತ್ತುತ್ತಾಳೆ. "ನಾವೆಲ್ಲಾ ತಡಕೊಂಡಿಲ್ಲೇನ? ವಯಸ್ಸಿನ ಗುಣ ಅದು, ಬರತೈತಿ ಹೊಕ್ಕೈತಿ." ಆಯಿಯ ಮಾತನ್ನು ತಳ್ಳಿಹಾಕೋಕೆ ಮನಸ್ಸು ಬರೋದಿಲ್ಲ. ಮುಟ್ಟು ನಿಲ್ಲೋದು ರೋಗವಲ್ಲ ಅನ್ನೋದು ನಿಜ. ಎಲ್ಲದಕ್ಕೂ ಗುಳಿಗೆ ಮಾರುವವರು ಕಾದು ಕೂತಿರೋದೂ ನಿಜ. ತಾಳ್ಮೆ ದೊಡ್ಡ ಗುಣ. ಆದರೆ ಒಂದು ಗುಣವನ್ನು ಯಾರು ಹೊಗಳ್ತಿದ್ದಾರೆ ಅಂತಲೂ ನೋಡಬೇಕು. ಆಯಿ ತನ್ನ ತಾಳ್ಮೆಯನ್ನು ತಾನು ಹೊಗಳಿಕೊಂಡರೆ ಅದು ಅವಳ ಗಳಿಕೆ. ನಾನು ಅವ್ವನ ತಾಳ್ಮೆಯನ್ನು ಹೊಗಳಿದರೆ ಅದು ನನ್ನ ಅನುಕೂಲ. ಫ್ಯಾನ್ ತರೋದು ತಪ್ಪಿತು, ದವಾಖಾನೆಗೆ ಕರ್ಕೊಂಡು ಹೋಗೋದು ತಪ್ಪಿತು, ರೊಟ್ಟಿ ಬಡಿಯೋಕೆ ಕೈ ಹಚ್ಚೋದು ತಪ್ಪಿತು. ಪರರ ತಾಳ್ಮೆಯ ಮೇಲೆ ನಡೆಯೋ ಮನೆಗಳೇ ಹೆಚ್ಚು ಅಲ್ಲೇನು ನಮ್ಮಲ್ಲಿ?

ಆದ್ದರಿಂದ ನನ್ನ ಉತ್ತರ ಹೀಗಿದೆ. ಮನುಷ್ಯರ ಮಾತನ್ನು ಪುರಾವೆಗೆ ಮುಂಚೆಯೇ ನಂಬಬೇಕು. ಪರಿಹಾರವನ್ನು ಮಾತ್ರ ಪುರಾವೆ ಕೇಳಿಯೇ ನಂಬಬೇಕು. ನಾವು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡ್ತೀವಿ. ಹೆಂಗಸಿನ ಮಾತಿಗೆ ಸಾಕ್ಷಿ ಕೇಳ್ತೀವಿ, ಡಾಕ್ಟರ ಚೀಟಿಗೆ ಕೇಳೋದಿಲ್ಲ. ಮತ್ತೆ, ನಂಬಿದ್ದು ನಿಜವಾದರೆ ನಂಬಿದವನಿಗೆ ಅದರಿಂದ ಒಂದಿಷ್ಟು ಖರ್ಚು ಬೀಳಬೇಕು. ಖರ್ಚಿಲ್ಲದ ನಂಬಿಕೆ ಬರೀ ಬಾಯಿಮಾತು.

ನಮ್ಮ ಮನೆಯಲ್ಲಿ ಆದ ಖರ್ಚು ದೊಡ್ಡದೇನಲ್ಲ. ಅವ್ವನ ಹಾಸಿಗೆ ಕಿಟಕಿ ಪಕ್ಕಕ್ಕೆ ಬಂತು, ಕರೆಂಟು ಹೋದರೂ ತಿರುಗೋ ಬ್ಯಾಟರಿ ಫ್ಯಾನ್ ಬಂತು. ಸಿಂಥೆಟಿಕ್ ಸೀರೆ ಬಿಟ್ಟು ಇಳಕಲ್ಲಿನ ಹತ್ತಿ ಸೀರೆ, ಸಂಜೆ ಮೇಲೆ ಚಹಾ ಬಂದ್, ರಾತ್ರಿ ಊಟಕ್ಕೆ ಕೆಂಪು ಚಟ್ನಿ ಕಡಿಮೆ. ಊರಲ್ಲಿದ್ದಷ್ಟು ದಿನ ಸಂಜೆಯ ರೊಟ್ಟಿ ನನ್ನ ಪಾಲಿಗೆ. ನನ್ನ ರೊಟ್ಟಿ ಕರ್ನಾಟಕದ ನಕಾಶೆಯಂಗೆ ಬರ್ತದೆ, ಅಪ್ಪ ಸುಮ್ಮನೆ ತಿಂತಾರೆ.

ಬೆಳಗಾವಿಯಲ್ಲಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆವು. ಅವರು ಮೊದಲು ಥೈರಾಯ್ಡ್, ಸಕ್ಕರೆ, ರಕ್ತ ನೋಡಿಸಿದರು. ರಾತ್ರಿ ಬೆವರೋದಕ್ಕೆ ಬೇರೆ ಕಾರಣವೂ ಇರಬಹುದು ಅಂದರು. ಹನ್ನೆರಡು ತಿಂಗಳು ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ಬರಬೇಕು ಅಂತ ಎರಡು ಸಲ ಹೇಳಿದರು. ಆಮೇಲೆ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಬಿಡಿಸಿ ಹೇಳಿದರು: ಈ ಝಳಕ್ಕೆ ಇರೋದರಲ್ಲಿ ಹೆಚ್ಚು ಕೆಲಸ ಮಾಡೋದು ಅದೇ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಅರ್ಧಕ್ಕೆ ನಿಂತಾಗ ಎಲ್ಲರೂ ಹೆದರಿದರು. ಅರವತ್ತರ ಒಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ, ಉಳಿದಂತೆ ಆರೋಗ್ಯವಾಗಿರೋ ಹೆಂಗಸರಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚು ಅಂತ ಆಮೇಲೆ ತಿಳಿಯಿತು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದವರಿಗೆ ಅದು ಆಗೋದಿಲ್ಲ. ಹಾರ್ಮೋನ್ ಇಲ್ಲದ ಗುಳಿಗೆಗಳೂ ಇವೆ.

ಎಲ್ಲ ಕೇಳಿಸಿಕೊಂಡ ಅವ್ವ, "ಸದ್ಯ ಬ್ಯಾಡ್ರಿ ಬಾಯಾರ. ಫ್ಯಾನ್ ಬಂದೈತಿ, ತಡೀಲಿಲ್ಲಂದ್ರ ಬರತೀನಿ" ಅಂದಳು. ಬಸ್ಸಿನಲ್ಲಿ ನನಗೆ ಅಸಮಾಧಾನ. ಇಷ್ಟೆಲ್ಲ ಓದಿ, ಇಷ್ಟು ದೂರ ಕರ್ಕೊಂಡು ಬಂದು, ಗುಳಿಗೆ ಬೇಡ ಅಂದುಬಿಟ್ಟಳಲ್ಲ ಅಂತ. ನಂಬೋದು ಅಂದರೆ ಆಕೆಯ 'ಬೇಡ'ವನ್ನೂ ನಂಬೋದು ಅಂತ ನನಗೆ ಅರ್ಥವಾಗೋ ಹೊತ್ತಿಗೆ ಬಸ್ಸು ಹುಕ್ಕೇರಿ ದಾಟಿತ್ತು.

ಮರುವಾರ ಅವ್ವ ಚಿಗವ್ವನಿಗೆ ಫೋನ್ ಹಚ್ಚಿದಳು. "ನಿಂದು ದೇವರ ಕಾಟ ಅಲ್ಲವಾ, ಅದಕ್ಕ ಔಷಧ ಐತೆಂತ. ಬಾ, ತೋರಿಸಿಕೊಂಡ ಬರೂಣು" ಅಂದಳು. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ ಚಿಗವ್ವ ಅತ್ತಿದ್ದು ಕೇಳಿಸಿತು. ಹನ್ನೊಂದು ವರ್ಷ ಅವಳನ್ನು ಯಾರೂ ಕೇಳಿರಲಿಲ್ಲ.

ನಿಮ್ಮ ಮನೆಯಲ್ಲಿ ನಲವತ್ತೈದು ದಾಟಿದ ಹೆಂಗಸರು ಇದ್ದೇ ಇರ್ತಾರೆ. ಇವತ್ತು ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ರಾತ್ರಿ ನಿದ್ದೆ ಬರ್ತದೇನು ಅಂತಲೂ ಒಂದು ಮಾತು ಕೇಳಿ ನೋಡಿ. ಕೇಳಿದ ಮೇಲೆ, ಉತ್ತರ ಪೂರ್ತಿ ಮುಗಿಯೋ ತನಕ ಫೋನ್ ಇಡಬೇಡಿ.