ಕುಟುಂಬ ಪ್ರಾರ್ಥನೆಯ ಹೊತ್ತು

ಕ್ರೈಸ್ತನ ಮನೆಯಲ್ಲಿ ಏಳುವದಕ್ಕೂ ಉಣ್ಣುವದಕ್ಕೂ ದೇವರ ವಾಕ್ಯವನ್ನು ಓದುವದಕ್ಕೂ ನೇಮಿತವಾದ ಹೊತ್ತು ಇರಬೇಕೆಂದು ನಮ್ಮ ಸಭೆಗಳಲ್ಲಿ ತಲೆತಲಾಂತರದಿಂದ ಬೋಧಿಸಲ್ಪಟ್ಟಿದೆ. ಈ ಬೋಧನೆಯು ಒಳ್ಳೇದೇ. ಆದರೆ ಆ ಕ್ರಮವನ್ನು ನಡಿಸುವ ಭಾರವು ಯಾರ ಹೆಗಲ ಮೇಲೆ ಬೀಳುತ್ತದೆಂದು ವಿಚಾರಿಸುವವರು ಕಡಿಮೆ. ಮನೆಯ ಕ್ರಮವು ಒಬ್ಬಳ ದಣಿವಿನ ಮೇಲೆಯೇ ನಿಂತಿದ್ದರೆ ಅದನ್ನು ಕ್ರಿಸ್ತನಿಗೆ ಮೆಚ್ಚಿಕೆಯಾದ ಕ್ರಮವೆನ್ನಬಹುದೋ?

ಹಳ್ಳಿಯ ಒಂದು ಮನೆಯನ್ನು ನೆನಸಿಕೊಳ್ಳಿರಿ. ದೀಪ ಹತ್ತಿದ ಮೇಲೆ ಯಜಮಾನನು ಕೈಕಾಲು ತೊಳಕೊಂಡು ಚಾಪೆಯ ಮೇಲೆ ಕೂತು ಸತ್ಯವೇದವನ್ನು ತೆರೆಯುತ್ತಾನೆ. ಮಕ್ಕಳು ಸುತ್ತಲೂ ಕೂತಿದ್ದಾರೆ. ಅವನ ಹೆಂಡತಿಯೂ ಅವನಷ್ಟೇ ಹೊತ್ತು ಗದ್ದೆಯಲ್ಲಿ ಬಗ್ಗಿ ನೇಜಿ ನೆಟ್ಟು ಬಂದವಳು. ಆದರೂ ನೀರು ತುಂಬಿ, ದನಕ್ಕೆ ಹುಲ್ಲು ಹಾಕಿ, ಈಗ ಒಲೆಯ ಮುಂದೆ ಗಂಜಿ ಬೇಯಿಸುತ್ತಿದ್ದಾಳೆ. “ನಿನಗೆ ದೇವರಿಗಿಂತ ಅಡಿಗೆ ಹೆಚ್ಚಾಯಿತೋ?” ಎಂಬ ಗದರಿಕೆಗೆ ಸೆರಗಿನಿಂದ ಕೈ ಒರಸಿಕೊಂಡು ಬಂದು ಬಾಗಿಲ ಬಳಿಯಲ್ಲಿ ಕೂಡುತ್ತಾಳೆ. ಕೂತವಳಿಗೆ ತೂಕಡಿಕೆ. ಸೊಸೆಗೆ ಭಕ್ತಿ ಸಾಲದೆಂದು ಅತ್ತೆಯು ಹೇಳುತ್ತಾಳೆ. ಕೆಲವು ಸಾರಿ ಉಪದೇಶಿಯೂ ಹಾಗೆಯೇ ಎಣಿಸುತ್ತಾನೆ.

ಇಲ್ಲಿ ಮಾರ್ಥಳ ಹೆಸರನ್ನು ಎತ್ತುವವರುಂಟು. ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಕರ್ತನು ಅವಳನ್ನು ತಿದ್ದಿದ್ದು ನಿಜ. ಆದರೆ ಪಾದದ ಬಳಿಯಲ್ಲಿ ಕೂತು ಕೇಳುವ ಭಾಗ್ಯವನ್ನು ಮರಿಯಳಿಂದ ತೆಗೆಯುವದಕ್ಕೆ ಆತನು ಒಪ್ಪಲಿಲ್ಲ. ಅದೇ ಭಾಗ್ಯವನ್ನು ನಾವು ಮನೆಯಾಕೆಯಿಂದ ಕಸಕೊಂಡು, ಬಳಿಕ ಆಕೆಯನ್ನು ಮಾರ್ಥಳೆಂದು ಕರೆಯುವದು ಯಾವ ನ್ಯಾಯ?

ಸಬ್ಬತ್ತಿನ ಆಜ್ಞೆಯನ್ನೂ ನೋಡಿರಿ. ಗಂಡಾಳು ಹೆಣ್ಣಾಳುಗಳು ಯಜಮಾನನ ಹಾಗೆಯೇ ದಣಿವಾರಿಸಿಕೊಳ್ಳಬೇಕೆಂಬ ಕಾರಣವು ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಕೊಡಲ್ಪಟ್ಟಿದೆ. ಎತ್ತು ಕತ್ತೆಗಳು ಸಹ ಬಿಟ್ಟುಹೋಗಿಲ್ಲ. ದೇವರು ನೇಮಿಸಿದ ಹೊತ್ತು ಮನೆಯಲ್ಲಿ ಹೆಚ್ಚಾಗಿ ದುಡಿಯುವವರನ್ನು ಲಕ್ಷ್ಯಕ್ಕೆ ತಂದಿತು.

ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ತರುವಾಯ, ಕಸಬನ್ನು ಕಳಕೊಂಡ ಹೊಸ ವಿಶ್ವಾಸಿಗಳ ಜೀವನಕ್ಕಾಗಿ ನೇಯ್ಗೆಯ ಕೆಲಸವೂ 1865ರಲ್ಲಿ ಹಂಚಿನ ಕಾರ್ಖಾನೆಯೂ ಹುಟ್ಟಿದವು. ಕಾರ್ಖಾನೆಯ ದುಡಿಮೆಗೆ ಆರಂಭವೂ ಉಂಟು, ಮುಕ್ತಾಯವೂ ಉಂಟು. ಒಲೆಗೆ ಅದಿಲ್ಲ. ಮಳೆಗಾಲದ ನಾಟಿಯ ದಿನಗಳಿಗೂ ಕೊಯ್ಲು ಮುಗಿದ ದಿನಗಳಿಗೂ ಒಂದೇ ಗಂಟೆಯು ಹೊಂದುವದಿಲ್ಲ.

ಹಾಗಾದರೆ ಹೊತ್ತನ್ನೇ ಬಿಟ್ಟುಬಿಡೋಣವೋ? ಬೇಡ. ಬಿಡುವಾದಾಗ ಪ್ರಾರ್ಥಿಸುವೆವೆಂದ ಮನೆಗೆ ಬಿಡುವು ಬರುವದೇ ಇಲ್ಲ. ಆಯಾ ಕಾಲಕ್ಕೆ ತಕ್ಕ ಹೊತ್ತು ಗೊತ್ತಾಗಲಿ, ಕೆಲಸವು ಹಂಚಲ್ಪಡಲಿ. ಮಗನು ಕೊಡ ಎತ್ತಲಿ, ಯಜಮಾನನು ದನಕ್ಕೆ ಹುಲ್ಲು ಹಾಕಲಿ. ಅರ್ಧ ಗಂಟೆಯ ಆರಾಧನೆಯು ಹತ್ತು ನಿಮಿಷವಾದರೂ ಚಿಂತೆಯಿಲ್ಲ (ಕೆಲವು ಹಿರಿಯರ ಮನೆಪ್ರಾರ್ಥನೆಯು ಭಾನುವಾರದ ಪ್ರಸಂಗಕ್ಕಿಂತ ಉದ್ದವೆಂಬದು ಎಲ್ಲರೂ ಬಲ್ಲ ಸಂಗತಿ). ಒಲೆಯ ಬಳಿಯವಳು ಬಂದು ಕೂಡುವ ತನಕ ಪುಸ್ತಕವು ಮುಚ್ಚಿಯೇ ಇರಲಿ.

ಗಂಡಸರು ಅಡಿಗೆಮನೆಗೆ ಕಾಲಿಟ್ಟರೆ ನೆರೆಯವರು ನಗುವರೆಂದು ಹೇಳುವವರು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನು ಓದಲಿ. ರಾತ್ರಿಯೆಲ್ಲಾ ಬಲೆ ಬೀಸಿ ದಣಿದ ಶಿಷ್ಯರು ದಡಕ್ಕೆ ಬಂದಾಗ ಅಲ್ಲಿ ಕೆಂಡದ ಮೇಲೆ ಮೀನೂ ಜೊತೆಗೆ ರೊಟ್ಟಿಯೂ ಸಿದ್ಧವಾಗಿದ್ದವು. ಮರಣವನ್ನು ಜಯಿಸಿದ ಕರ್ತನು ಅವರನ್ನು ಊಟಕ್ಕೆ ಕರೆದನು. ಅವರು ಉಂಡ ಮೇಲೆಯೇ ಪೇತ್ರನ ಸಂಗಡ ಕುರಿಗಳ ಮಾತನ್ನೆತ್ತಿದನು.