ಗೌರಿ ಹೂವಿಗೊಂದು ಬೇಲಿ

ಮಲೆನಾಡಿನಲ್ಲಿ ಗೌರಿ ಹೂವನ್ನು ನೆಟ್ಟು ಬೆಳೆಸುವ ರೂಢಿ ಇರಲಿಲ್ಲ. ಭಾದ್ರಪದದ ತದಿಗೆ ಹೊತ್ತಿಗೆ ಬೇಲಿಸಾಲಿನಲ್ಲಿ ತಾನಾಗಿ ಅರಳಿರುತ್ತಿತ್ತು. ಹಬ್ಬದ ಬೆಳಗ್ಗೆ ಹೋಗಿ ಕೊಯ್ದು ತಂದರಾಯಿತು. ಈಗ ಬೇಲಿ ಹೋಗಿ ಕಾಂಪೌಂಡು ಬಂದಿದೆ. ಎಲೆಯ ತುದಿಯನ್ನೇ ಸುರುಳಿ ಮಾಡಿ, ಸಿಕ್ಕ ಕಡ್ಡಿಗೆ ಸುತ್ತಿಕೊಂಡು ಮೇಲೇರುವ ಬಳ್ಳಿ ಇದು. ಸಿಮೆಂಟು ಗೋಡೆಯಲ್ಲಿ ಹಿಡಿಯುವುದಕ್ಕೆ ಏನಿದೆ?

ನಮ್ಮ ಹಿತ್ತಲಲ್ಲಿ ನಾಲ್ಕು ಮಾರು ಹಸಿರು ಬೇಲಿ ಉಳಿಸಿಕೊಂಡಿದ್ದೇನೆ. ರಸ್ತೆ ಅಗಲ ಮಾಡುವಾಗ ಕಿತ್ತುಬಿದ್ದಿದ್ದ ಗಡ್ಡೆಯೊಂದನ್ನು ತಂದು ಅದರ ಬುಡದಲ್ಲಿ ಹುಗಿದೆ. ನೇಗಿಲಿನಂತೆ ಬಾಗಿದ ಗಡ್ಡೆ. ಲಾಂಗಲಿ ಎಂಬ ಸಂಸ್ಕೃತದ ಹೆಸರು ಬಂದದ್ದೇ ಅದರಿಂದ. ತುದಿಯ ಮೊಳಕೆ ಮುರಿಯದಂತೆ ನೋಡಿಕೊಂಡರೆ ಸಾಕು. ಮುಂಗಾರಿಗೆ ಚಿಗುರುತ್ತದೆ, ಚಳಿಗೆ ಒಣಗಿ ಮಾಯವಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಅಲ್ಲಿ ಬರೀ ಮಣ್ಣು. ಆ ಮಣ್ಣಿಗೆ ಗುದ್ದಲಿ ಹಾಕದಿರುವುದೇ ಇದರ ಆರೈಕೆ. ಇಡೀ ಗಿಡ ವಿಷ, ಗಡ್ಡೆಯಂತೂ ಪ್ರಾಣವನ್ನೇ ತೆಗೆದೀತು. ಮಕ್ಕಳು, ದನಕರು ಸುಳಿಯದ ಜಾಗವೇ ಆಗಬೇಕು.

ಈ ವಿಷವನ್ನೇ ಉಂಡು ಬೆಳೆಯುವ ಹುಳವೊಂದಿದೆ. ಕಪ್ಪು ಮೈ, ಬಿಳಿ ಚುಕ್ಕೆ, ನಡುನಡುವೆ ಕೆಂಪು. ಕಳೆದ ಮಳೆಗಾಲ ನೋಡನೋಡುತ್ತ ಅರ್ಧ ಬಳ್ಳಿ ಬೋಳಾಯಿತು. ಔಷಧಿ ಹೊಡೆಯಿರಿ ಎಂದರು. ಮನಸ್ಸು ಬರಲಿಲ್ಲ. ನಾವು ಹೂವಿನ ಆಸೆಗೆ ನೆಟ್ಟಿರಬಹುದು, ಅದಕ್ಕೆ ಇದೇ ಅನ್ನ. ತಿಂದು ಮುಗಿಸಿ ಮಣ್ಣಿಗಿಳಿದು ಕೋಶವಾಗುತ್ತದೆ, ಅಲ್ಲಿಂದ ಕಪ್ಪು, ಕೆಂಪು, ಹಳದಿಯ ಪತಂಗವಾಗಿ ಏಳುತ್ತದೆ. ಗುದ್ದಲಿ ಹಾಕಬಾರದೆನ್ನಲು ಇದು ಇನ್ನೊಂದು ಕಾರಣ.

ಉಳಿದರ್ಧ ಬಳ್ಳಿ ಏಳು ಹೂ ಕೊಟ್ಟಿತು. ತಲೆ ತಗ್ಗಿಸಿದ ಹೂವು, ಬೆಂಕಿಯ ನಾಲಗೆಯಂತೆ ಮೇಲೆದ್ದ ಆರು ದಳ. ಮೊದಲು ಹಸಿರುಹಳದಿ, ಆಮೇಲೆ ಬುಡ ಹಳದಿ ತುದಿ ಕೆಂಪು, ಬಾಡುವ ಮುನ್ನ ಪೂರ್ತಿ ಕೆಂಪು. ಕೇಸರಗಳು ಕೊಡೆಯ ಕಡ್ಡಿಗಳಂತೆ ಸುತ್ತ ಹರಡಿರುತ್ತವೆ. ಒಂದು ಬೆಳಗ್ಗೆ ದೊಡ್ಡ ಕಪ್ಪು ಚಿಟ್ಟೆಯೊಂದು ದಳದ ಬುಡದ ಮಕರಂದಕ್ಕೆ ಬಂತು. ಕಾಲೂರದೆ ರೆಕ್ಕೆ ಬಡಿಯುತ್ತಲೇ ಇತ್ತು. ಹಾರಿಹೋಗುವಾಗ ರೆಕ್ಕೆಯಂಚಿಗೆ ಹಳದಿ ಪುಡಿ ಮೆತ್ತಿತ್ತು.

ಹಬ್ಬಕ್ಕೆಂದು ಪಕ್ಕದ ಮನೆಯ ಅಮ್ಮ ಹೂ ಕೇಳಿದರು. ಎರಡು ಕೊಯ್ದುಕೊಟ್ಟು ಉಳಿದದ್ದನ್ನು ಕಾಯಿಗೆ ಬಿಟ್ಟೆ. ಕಾಯಿ ಬಿರಿದು ಕೆಂಪು ಬೀಜ ಕಂಡಾಗ ಅವರೇ ಬಂದು ನಾಲ್ಕು ಬೀಜ ಕಾಗದದಲ್ಲಿ ಕಟ್ಟಿಸಿಕೊಂಡು ಹೋದರು. ಅವರದೂ ಕಾಂಪೌಂಡೇ. ಒಳಗೊಂದು ಹಳೆಯ ದಾಸವಾಳವಿದೆ, ಅದರ ಬುಡಕ್ಕೆ ಹಾಕುತ್ತಾರಂತೆ.