ಮಾರಯ್ಯನ ಹೊನ್ನು, ವಾಸ್ಕೋನ ನಾಣ್ಯ

ಹುಮನಾಬಾದ್ ತಾಲ್ಲೂಕಿನ ಮೋಳಕೇರಾ, ಮೋಳಿಗೆಯ ಮಾರಯ್ಯನ ನೆನಪಿನ ಊರು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು, ಹೆಂಡತಿಯೊಡನೆ ಕಲ್ಯಾಣದ ಸೀಮೆಗೆ ಬಂದು ಕಟ್ಟಿಗೆ ಮಾರಿ ಬದುಕಿದವನು ಎನ್ನುತ್ತದೆ ಶರಣ ಪರಂಪರೆ. ಬಸವಣ್ಣ ಜಂಗಮನ ವೇಷದಲ್ಲಿ ಅವನ ಮನೆಗೆ ಹೋಗಿ ಅಂಬಲಿ ಉಂಡ. ಬಡತನ ಕಂಡು ಮರುಗಿ, ಹೊನ್ನಿನ ಗಂಟನ್ನು ಗುಟ್ಟಾಗಿ ಇಟ್ಟು ಬಂದ. ಮಾರಯ್ಯ ಅದನ್ನು ತನ್ನದೆಂದುಕೊಳ್ಳಲಿಲ್ಲ. ಅಷ್ಟನ್ನೂ ಜಂಗಮರಿಗೆ ಹಂಚಿಬಿಟ್ಟ.

ಆ ಬಸವಣ್ಣನ ಮುಖವೇ 2006ರಲ್ಲಿ ಭಾರತ ಸರ್ಕಾರದ ಐದು ರೂಪಾಯಿ ಸ್ಮರಣಾರ್ಥ ನಾಣ್ಯದ ಮೇಲೆ ಮೂಡಿತು. ಕೂಡಿಡುವುದನ್ನು ಒಪ್ಪದವನನ್ನು ಹಣದ ಮೇಲೆ ಅಚ್ಚೊತ್ತುವುದು ಸರಿಯೇ?

ಸರಿ ಎನ್ನಲು ಆಧಾರವಿದೆ. ಬಸವಣ್ಣ ಬಿಜ್ಜಳನ ಭಂಡಾರಿ, ಹಣಕ್ಕೆ ಹೇಸಿದವನಲ್ಲ. ಕಾಯಕದಿಂದ ಬಂದದ್ದು ದಾಸೋಹಕ್ಕೆ ಸಲ್ಲಬೇಕು ಎಂಬುದಷ್ಟೇ ಅವನ ಹಟ. ಇನ್ನೊಬ್ಬ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಅಟ್ಟಿದಳು. ಕಲ್ಯಾಣದ ಅರ್ಥಶಾಸ್ತ್ರವೆಲ್ಲ ಆ ಹೆಣ್ಣಿನ ಮಾತಿನಲ್ಲಿದೆ.

ಹಾಗಾದರೆ ಕೈಯಿಂದ ಕೈಗೆ ಹೋಗುವ ನಾಣ್ಯವೂ ಜಂಗಮವೇ? ಚಲನೆಯೊಂದೇ ಸಾಲದು. ಸಮುದ್ರಯಾನದ ನಾಣ್ಯಗಳನ್ನು ನೋಡಿದರೆ ಇದು ತಿಳಿಯುತ್ತದೆ. ಕೊಲಂಬಸ್ಸನ ಯಾನಕ್ಕೆ 500 ವರ್ಷ ತುಂಬಿದ 1992ರಲ್ಲಿ ಅಮೆರಿಕ ನಾಣ್ಯ ಹೊರಡಿಸಿತು. ವಾಸ್ಕೋ ಡ ಗಾಮನಿಗಾಗಿ ಪೋರ್ಚುಗಲ್ಲೂ ಹೊರಡಿಸಿತು. 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ವಾಸ್ಕೋ ನಮ್ಮ ಕಾರವಾರದೆದುರಿನ ಅಂಜದೀವ್ ದ್ವೀಪದಲ್ಲಿ ತಂಗಿದ್ದ. 1502ರಲ್ಲಿ ಮತ್ತೆ ಬಂದಾಗ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟ. ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೊರಿಸಿದ.

ಅವನ ಧೈರ್ಯ, ಅವನ ನಾವಿಕರ ಜಾಣ್ಮೆ ಸುಳ್ಳಲ್ಲ. ಆದರೆ ಪಯಣದ ಹಿರಿಮೆಯನ್ನು ದೂರದಿಂದಲೇ ಅಳೆಯುವ ನೆನಪು ಅರ್ಧ ನೆನಪು. ಕಥೆಯ ಮೋಳಿಗೆಯ ಮಾರಯ್ಯನೂ ಬಹುದೂರ ಬಂದವನೇ. ಪಯಣಿಗ ತಾನು ಮುಟ್ಟಿದ ಊರಿನಿಂದ ಏನನ್ನು ಹೊತ್ತೊಯ್ದ, ಅಲ್ಲಿಗೆ ಏನನ್ನು ಕೊಟ್ಟ ಎಂಬುದನ್ನೂ ಕೇಳಬೇಕು. ಆ ಲೆಕ್ಕದಲ್ಲಿ ಲಿಸ್ಬನ್ನಿನ ನಾವಿಕನಿಗಿಂತ ಮೋಳಕೇರಾದ ಕಟ್ಟಿಗೆಯವನು ದೊಡ್ಡ ಯಾತ್ರಿಕ.

ಬಸವಣ್ಣನ ಐದು ರೂಪಾಯಿಯನ್ನು ಈಗ ಸಂಗ್ರಾಹಕರು ಆಲ್ಬಮ್ಮಿನಲ್ಲಿ ಜೋಪಾನ ಮಾಡುತ್ತಾರೆ. ಭಕ್ತಿಯಿಂದ ಇಟ್ಟುಕೊಂಡವರನ್ನು ದೂರಬೇಕಿಲ್ಲ. ಎರಡು ಸಿಕ್ಕವರು ಒಂದನ್ನಾದರೂ ಬಸವಕಲ್ಯಾಣದ ದಾಸೋಹಕ್ಕೆ ಕೊಡಲಿ.